ಆಟ ನಿಲ್ಲುತ್ತಿದ್ದುದು ಯಾಕೆ

ಮಾರ್ಚ್ 3, ಸೋಮವಾರ. ಸಂಜೆ

ಮತ್ತೆ ಹೋಯಿತು. ಸರಿಯಾಗಿ ಉತ್ತರದ ಗೋಡೆ ಹತ್ತುವ ಹೊತ್ತಿಗೆ. ಪರದೆ ಒಂದು ಕ್ಷಣ ಕಲ್ಲಾಯಿತು, ಆಮೇಲೆ ಆಟವೇ ಮಾಯ. ಎರರ್ ಮೆಸೇಜ್ ಇಲ್ಲ, ಕ್ಷಮಿಸಿ ಇಲ್ಲ, ಏನೂ ಇಲ್ಲ. ಬಾಗಿಲು ತೆಗೆದವರು ಮುಖ ನೋಡಿ ಮತ್ತೆ ಹಾಕಿಕೊಂಡ ಹಾಗೆ.

ನಮ್ಮದು ಹನ್ನೆರಡು ಜನರ ತಂಡ. ಹೆಸರು ಹಠಮಾರಿಗಳು. ಆನ್‌ಲೈನ್‌ನಲ್ಲಿ ಕೋಟೆ ಹಿಡಿಯುವುದು ನಮ್ಮ ಉದ್ಯೋಗ. ನಾನು ಏಣಿ ಹಿಡಿಯುವವಳು. ಏಣಿ ಹಿಡಿದವಳೇ ಮಂಗಮಾಯವಾದರೆ ಮೇಲೆ ಹತ್ತಿದವರ ಗತಿ? ಐದು ಜನ ಕಂದಕಕ್ಕೆ ಬಿದ್ದರು. ನಾನು ಮತ್ತೆ ಒಳಗೆ ಹೋಗುವಷ್ಟರಲ್ಲಿ ಕೋಟೆಯೂ ಕೈಬಿಟ್ಟಿತ್ತು, ಮರ್ಯಾದೆಯೂ. 'ಬೆಕ್ಕು' ಅಂತ ಹೆಸರಿಟ್ಟುಕೊಂಡಿರುವವನು ಬರೆದ — "ಏಣಿಯಮ್ಮ ಕಾಫಿಗೆ ಹೋದ್ರು."

ಕೆಲವು ವಾರಗಳಿಂದ ಇದೇ ಗೋಳು. ತೆಗೆದುಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಒಂದೆರಡು ಸಂಜೆ ಸರಿ, ಆಮೇಲೆ ಹಳೇ ರಾಗ. ನಮ್ಮ ಮನೆಯ ನೆಟ್ಟೋ, ಆಮೆಗೆ ಅಜ್ಜಿ. ಡೌನ್‌ಲೋಡ್ ಹಾಕಿ, ಅಡುಗೆ ಮುಗಿಸಿ, ಪಾತ್ರೆ ತೊಳೆದು ಬಂದರೂ ಅರ್ಧ ಆಗಿರುವುದಿಲ್ಲ.

ಅಮ್ಮ ಬಾಗಿಲಲ್ಲಿ ನಿಂತು, "ಮೂವತ್ತಾರು ವರ್ಷದ ಹೆಂಗಸು... ಏಣಿ ಹಿಡ್ಕೊಂಡು ಕೂತಿದ್ದೀಯಲ್ಲೇ" ಅಂದಳು.

ಹೌದು. ಗಂಡನ ಮನೆಯಲ್ಲಿ ನಾಲ್ಕು ವರ್ಷ ಜೀವ ಹಿಡಿದುಕೊಂಡು ಕೂತಿದ್ದಕ್ಕಿಂತ ವಾಸಿ. ಹೇಳಲಿಲ್ಲ. ಇಲ್ಲಿ ಬರೆದೆ.

ಮಾರ್ಚ್ 4, ಮಂಗಳವಾರ

ಆಟದ ಕಂಪನಿಯಿಂದ ಉತ್ತರ ಬಂತು. "ಪ್ರಿಯ ಆಟಗಾರರೇ, ನಿಮ್ಮ ಉತ್ಸಾಹಕ್ಕೆ ಧನ್ಯವಾದಗಳು." ಉತ್ಸಾಹವಂತೆ! ನಾನು ಬರೆದದ್ದು ಬೈಗುಳ. ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ. ಗ್ರಾಫಿಕ್ಸ್ ಇಳಿಸಿ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ. ಕೆಳಗೆ ಐದು ನಕ್ಷತ್ರ, ನಮ್ಮ ಸೇವೆ ಹೇಗಿತ್ತು? ಒಂದು ಒತ್ತಿದೆ. "ನಿಮಗೆ ಸಂತೋಷವಾದದ್ದು ನಮಗೂ ಸಂತೋಷ" ಅಂತ ಬಂತು. ಥೂ.

ಲ್ಯಾಬ್‌ನಲ್ಲಿ ದಿನವಿಡೀ ಹಲ್ಲಿನ ಸೆಟ್. ಡಾಕ್ಟರುಗಳು ಕಳಿಸಿದ ದವಡೆಯ ಅಚ್ಚುಗಳು, ಮೇಣ, ಪ್ಲಾಸ್ಟರ್ ಪುಡಿ. ಕಂಡವರ ಬಾಯಿ ಮುಟ್ಟೋಕೆ ಅಸಹ್ಯ ಆಗಲ್ವಾ ಅಂತ ಜನ ಕೇಳುತ್ತಾರೆ. ಅಚ್ಚು ತೊಳೆದರೆ ಸ್ವಚ್ಛ. ಆ ಕಂಪನಿಯವರ ಮಾತಿನ ಜಿಡ್ಡು ಯಾವ ಸೋಪಿಗೆ ಹೋಗಬೇಕು?

ಸಂಜೆ ಕ್ಯಾಪ್ಟನ್ ಬಂದ. ನಮ್ಮ ತಂಡದ ನಾಯಕ, ಅದಕ್ಕೇ ಆ ಹೆಸರು. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ನನ್ನ ಲ್ಯಾಪ್‌ಟಾಪ್ ಸರಿಮಾಡಲು ಮನೆಗೆ ಬಂದವನು ನನ್ನ ತಂಗಿಯನ್ನು ನೋಡಿದ. ತಂಗಿಯೂ ನೋಡಿದಳು. ಮೇ ತಿಂಗಳಲ್ಲಿ ಮದುವೆ. ಅಮ್ಮನಿಗೆ ಅವನೆಂದರೆ ಪ್ರಾಣ. ಫ್ಯಾನ್ ಕಿರುಗುಟ್ಟಿದರೂ ಅವನಿಗೇ ಫೋನು.

"ಅಕ್ಕಾ, ನಿಮ್ಮ ಲ್ಯಾಪ್‌ಟಾಪ್‌ಗೆ ವಯಸ್ಸಾಯ್ತು. ಮದುವೆ ಆಗ್ಲಿ, ಹೊಸದು ತಂದ್ಕೊಡ್ತೀನಿ."

"ವಯಸ್ಸಾಗಿದ್ರೆ ಬೇರೆಯದೂ ಬೀಳ್ಬೇಕಲ್ಲಪ್ಪ. ಆಟ ಮಾತ್ರ ಯಾಕೆ?"

ನಕ್ಕ. ಏನೇನೋ ಒತ್ತಿದ. ಡ್ರೈವರ್ ಅಪ್‌ಡೇಟ್ ಮಾಡಿದ್ದೀನಿ ಅಂದ. ಅಮ್ಮ ಕೊಟ್ಟ ಟೀ ಕುಡಿದ. ಅವನೇ ಮಾಡಿದ 'ಪಿಸುಮಾತು' ಇದೆಯಲ್ಲ, ಆಡುವಾಗ ನಾವು ಹನ್ನೆರಡೂ ಜನ ಮಾತಾಡಿಕೊಳ್ಳುವ ಪ್ರೋಗ್ರಾಮ್, ಅದರ ಹೊಸ ವರ್ಷನ್ ಹಾಕಿಕೊಟ್ಟು ಹೋದ. ದನಿ ಇನ್ನೂ ಸ್ಪಷ್ಟ ಕೇಳುತ್ತದಂತೆ.

ಮಾರ್ಚ್ 8, ಶನಿವಾರ. ಮಧ್ಯಾಹ್ನ

ಹೊಸ ಡ್ರೈವರ್ ಹಾಕಿದರೂ ಗುರುವಾರ ಬಿತ್ತು. ಶುಕ್ರವಾರ ಎರಡು ಸಲ.

ಫೋರಂನಲ್ಲಿ ಒಬ್ಬ ಬರೆದಿದ್ದ, ಬಿಸಿಯಾದರೆ ಹೀಗಾಗುತ್ತದೆ, ಒಳಗೆ ಕ್ಲೀನ್ ಮಾಡಿ ಅಂತ. ಲ್ಯಾಬಿನ ಚಿಕ್ಕ ಸ್ಕ್ರೂಡ್ರೈವರ್ ತಂದು ಹಿಂಬದಿ ಬಿಚ್ಚಿದೆ. ಅಯ್ಯೋ. ಧೂಳಿನ ಗೊಂಚಲು, ತಂಗಿಯ ಉದ್ದುದ್ದ ಕೂದಲು, ಬಿಸ್ಕತ್ತಿನ ಪುಡಿ, ಫ್ಯಾನಿನ ರೆಕ್ಕೆಗೆ ಅಂಟಿ ಸತ್ತ ಜಿರಲೆ. ಅದರ ಮೀಸೆ ಇನ್ನೂ ನೆಟ್ಟಗಿತ್ತು. ಇಷ್ಟು ದಿನ ಇದರ ಮೇಲೆ ಕೈಯಿಟ್ಟು ಟೈಪ್ ಮಾಡಿದ್ದೀನಲ್ಲ. ಬ್ರಷ್ ಹಾಕಿ ಉಜ್ಜಿದೆ, ಆಮೇಲೆ ಬ್ರಷ್ ಕಸಕ್ಕೆ.

ಜಿರಲೆಯೇ ಕಾರಣ ಅಂತ ಖುಷಿಯಾಗಿತ್ತು. ಕಾರಣ ಸಿಕ್ಕಿತಲ್ಲ ಅಂತ.

ಸಂಜೆ: ಬಿತ್ತು.

ಮಾರ್ಚ್ 9, ಭಾನುವಾರ

ಇವತ್ತು ಬಿದ್ದದ್ದು ನಾನೊಬ್ಬಳೇ ಅಲ್ಲ. 'ಇಂಜೆಕ್ಷನ್' ಕೂಡ. ಆಕೆ ಆಸ್ಪತ್ರೆಯಲ್ಲಿ ನರ್ಸು, ಆಟದಲ್ಲಿ ನಮ್ಮ ಗಾಯಗಳಿಗೆ ಮದ್ದು ಹಾಕುವವರು. ಇಬ್ಬರೂ ಒಟ್ಟಿಗೆ ಮಾಯ. ತಂಡ ಮಣ್ಣುಮುಕ್ಕಿತು. ಆಕೆಗೂ ವಾರಗಟ್ಟಲೆಯಿಂದ ಇದೇ ತೊಂದರೆಯಂತೆ, ಹೇಳಿಕೊಳ್ಳಲು ನಾಚಿಕೆ ಪಟ್ಟು ಸುಮ್ಮನಿದ್ದರಂತೆ. ಆಕೆಯ ಮನೆಯ ನೆಟ್ಟೂ ನಮ್ಮದೇ ಜಾತಿ.

ಕ್ಯಾಪ್ಟನ್ ಎಲ್ಲರೂ ಕೇಳುವ ಹಾಗೆ ಅಂದ, "ಹೆಂಗಸರ ಕಂಪ್ಯೂಟರೇ ಬೀಳತ್ತೆ ನೋಡಿ. ಹತ್ತು ಕಡೆ ಶಾಪಿಂಗ್ ತೆರೆದಿಟ್ಕೊಂಡು ಕೋಟೆ ಹತ್ತಕ್ಕೆ ಬಂದ್ರೆ ಇನ್ನೇನಾಗತ್ತೆ?"

ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈಯೆಲ್ಲ ಉರಿಯಿತು. ಆದರೂ... ಹನ್ನೆರಡರಲ್ಲಿ ಹೆಂಗಸರು ನಾವಿಬ್ಬರೇ. ಬೀಳುತ್ತಿರುವುದೂ ನಾವಿಬ್ಬರೇ. ತಮಾಷೆ ಅವನದು, ಲೆಕ್ಕ ಮಾತ್ರ ಸರಿಯಾಗಿದೆ.

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ

'ಮೇಷ್ಟ್ರು' ನನಗೊಬ್ಬಳಿಗೇ ಮೆಸೇಜ್ ಕಳಿಸಿದ್ದಾರೆ. ಮೇಷ್ಟ್ರು ಎಂದೂ ಮಾತಾಡಿದವರಲ್ಲ, ಬರೀ ಟೈಪ್ ಮಾಡುವವರು. ಮೈಕ್ ಕೆಟ್ಟಿದೆ ಅಂತ ಮೊದಲ ದಿನವೇ ಹೇಳಿದ್ದರು.

"ಭಾನುವಾರದ ಮಾತು ಕೇಳಿ ನಿದ್ದೆ ಬರಲಿಲ್ಲ. ಯಾರಿಗೂ ಹೇಳಬೇಡಿ, ನಾನೂ ಹೆಂಗಸೇ. ಹೆಣ್ಣು ದನಿ ಕೇಳಿದ ಕೂಡಲೇ ಬಾಲ ಅಲ್ಲಾಡಿಸುವವರ ಕಾಟ ಬೇಡ ಅಂತ ಮೇಷ್ಟ್ರಾದೆ. ನನ್ನ ಕಂಪ್ಯೂಟರ್ ಒಂದು ದಿನವೂ ಬಿದ್ದಿಲ್ಲ."

ಬಸ್ಸಿನಲ್ಲಿ ನಿಂತು ಮತ್ತೆ ಮತ್ತೆ ಓದಿದೆ. ಹಾಗಾದರೆ ಹೆಂಗಸರ ಕಂಪ್ಯೂಟರ್ ಬೀಳುತ್ತಿಲ್ಲ. ಹೆಂಗಸರು ಅಂತ ಗೊತ್ತಿರುವವರದು ಬೀಳುತ್ತಿದೆ. ಆದರೆ ಕಂಪ್ಯೂಟರ್‌ಗೆ ಅದು ಹೇಗೆ ಗೊತ್ತಾಗಬೇಕು? ಅದಕ್ಕೇನು ಕಣ್ಣಿದೆಯಾ?

ಮಾರ್ಚ್ 13, ಗುರುವಾರ

ಇದೆ.

ಬರೆಯಲೋ ಬೇಡವೋ. ಬರೆಯುತ್ತೇನೆ.

ಲ್ಯಾಬಿಗೆ ರಜೆ ಹಾಕಿ ಕೂತಿದ್ದೆ. ಕಂಪ್ಯೂಟರಿನಲ್ಲಿ ಜಾಗ ಎಷ್ಟಿದೆ ನೋಡೋಣ ಅಂತ ತೆರೆದರೆ, ತುಂಬಿ ತುಳುಕುತ್ತಿದೆ. ಆಟಕ್ಕೆ ಉಸಿರಾಡಲು ಜಾಗವಿಲ್ಲ, ಅದಕ್ಕೇ ಸಾಯುತ್ತಿದೆ. ತೆಗೆದು ಮತ್ತೆ ಹಾಕಿದಾಗ ಒಂದಿಷ್ಟು ಜಾಗ ಸಿಗುತ್ತದೆ, ಒಂದೆರಡು ದಿನ ಬದುಕುತ್ತದೆ. ಸರಿ, ತುಂಬಿದ್ದು ಏನು? ನನ್ನ ಹತ್ತಿರ ಇರುವುದು ನಾಲ್ಕು ಫೋಟೋ, ಎರಡು ಸಿನಿಮಾ.

ಪಿಸುಮಾತು. ಮಾತಾಡುವ ಪ್ರೋಗ್ರಾಮ್ ಆಟಕ್ಕಿಂತ ದಪ್ಪ. ಅದರ ಫೋಲ್ಡರ್ ತೆರೆದೆ. ಫೋಟೋಗಳು. ಮೊದಲನೆಯದರಲ್ಲಿ ನಾನು, ಬಾಯಿ ತೆರೆದುಕೊಂಡು ಪೆನ್ನು ಕಚ್ಚುತ್ತಿದ್ದೇನೆ. ಲ್ಯಾಪ್‌ಟಾಪಿನ ಕ್ಯಾಮೆರಾ ತೆಗೆದದ್ದು. ಎರಡನೆಯದರಲ್ಲೂ ನಾನು. ಮೂರನೆಯದರಲ್ಲಿ ನಾನಿಲ್ಲ, ನನ್ನ ಖಾಲಿ ಕುರ್ಚಿಯ ಹಿಂದೆ ಮಂಚದ ಮೇಲೆ ತಂಗಿ. ನಾವಿಬ್ಬರೂ ಮಲಗುವ ಕೋಣೆ ಇದು. ಬಟ್ಟೆ ಬದಲಿಸುವುದೂ ಇಲ್ಲೇ. ಎದುರಿಗೇ ಬಚ್ಚಲಮನೆ ಬಾಗಿಲು. ಅಮ್ಮ ಟವೆಲ್ ಸುತ್ತಿಕೊಂಡು ಹೊರಬರುವ ಬಾಗಿಲು.

ಆಟ ಆಡುವಾಗ ಮಾತ್ರವಲ್ಲ. ಲ್ಯಾಪ್‌ಟಾಪ್ ತೆರೆದಿದ್ದಾಗೆಲ್ಲ. ಕ್ಯಾಮೆರಾ ಪಕ್ಕ ಉರಿಯಬೇಕಾದ ಪುಟ್ಟ ದೀಪ ಹೋದ ವರ್ಷದಿಂದ ಉರಿಯುತ್ತಿಲ್ಲ. ಬಿಚ್ಚಿ ರಿಪೇರಿ ಮಾಡಿದವನು ಕ್ಯಾಪ್ಟನ್ನೇ.

ನೋಡುತ್ತಿದ್ದ ಹಾಗೇ ಫೈಲುಗಳು ಒಂದೊಂದಾಗಿ ಕಡಿಮೆಯಾಗುತ್ತಿದ್ದವು. ಅಳಿಯುತ್ತಿವೆಯೇನೋ ಅಂದುಕೊಂಡೆ. ಅಲ್ಲ. ಹೋಗುತ್ತಿದ್ದವು. ನಮ್ಮ ನೆಟ್ ನಿಧಾನ, ಅದಕ್ಕೇ ಕಳಿಸಲಾಗದೆ ರಾಶಿ ಬಿದ್ದಿದ್ದವು. ಎದ್ದು ಹೋಗಿ ನೆಟ್ಟಿನ ವೈರ್ ಕಿತ್ತೆ. ಹೋಗುವ ವಿಳಾಸ ನೋಡಿದೆ. ಅವನ ಅಂಗಡಿಯದೇ. ಬಚ್ಚಿಡುವ ಕಷ್ಟವನ್ನೂ ತೆಗೆದುಕೊಂಡಿಲ್ಲ. ಯಾರು ನೋಡ್ತಾರೆ, ಏಣಿಯಮ್ಮ ತಾನೇ.

ಕೈ ತೊಳೆದೆ. ಮತ್ತೆ ತೊಳೆದೆ. ಜಿರಲೆಯ ದಿನವೂ ಇಷ್ಟು ತೊಳೆದಿರಲಿಲ್ಲ.

ಮಾರ್ಚ್ 19, ಬುಧವಾರ

ಬರೆಯಲಾಗಲಿಲ್ಲ ಇಷ್ಟು ದಿನ.

ಇಂಜೆಕ್ಷನ್‌ಗೆ ಫೋನ್ ಮಾಡಿ, ಎಲ್ಲಿ ನೋಡಬೇಕೆಂದು ಹೇಳಿದೆ. ಲೈನಿನಲ್ಲೇ ಇದ್ದು ನೋಡಿದರು. "ನಂದು ಬೆಡ್‌ರೂಮು" ಅಂದರು. ಫೋನ್ ಕೆಳಗಿಟ್ಟ ಸದ್ದು, ವಾಂತಿಯ ಸದ್ದು. ಮರಳಿ ಬಂದು, "ಮೊದ್ಲು ನಿಮ್ಮ ತಂಗಿಗೆ ಹೇಳಿ. ಭಾನುವಾರದ ತನಕ ಕಾಯ್ತೀನಿ. ಆಮೇಲೆ ಎಲ್ರಿಗೂ ನಾನೇ ಹೇಳ್ತೀನಿ" ಅಂದರು. ಮೇಷ್ಟ್ರಿಗೂ ತಿಳಿಸಿದೆ. ಅವರ ಫೋಲ್ಡರ್ ಖಾಲಿ. ಗಂಡಸು ಅಂತ ನಂಬಿದ್ದನಲ್ಲ, ಕ್ಯಾಮೆರಾ ಚಾಲೂ ಮಾಡುವ ಗೋಜಿಗೇ ಹೋಗಿಲ್ಲ.

ನಾನು ತಂಗಿಗೆ ಹೇಳಿಲ್ಲ. ಇನ್ನೂ ಹೇಳಿಲ್ಲ. ಹೇಗೆ ಹೇಳುವುದು? ಗಂಡನನ್ನು ಬಿಟ್ಟು ಬಂದ ಅಕ್ಕ, ತಂಗಿಯ ಮದುವೆ ಮುರಿಯಲು ಹೊರಟಿದ್ದಾಳೆ — ಅನ್ನುವವರ ಬಾಯಿ ನನಗೆ ಈಗಲೇ ಕಾಣುತ್ತಿದೆ.

ಇವತ್ತು ಕ್ಯಾಪ್ಟನ್ ಊಟಕ್ಕೆ ಬಂದಿದ್ದ. ಅಮ್ಮನ ಪಕ್ಕ ಕೂತು, "ಇನ್ನು ಸ್ವಲ್ಪ ಹಾಕಿ ಅಮ್ಮಾ" ಅಂತ ತಟ್ಟೆ ಚಾಚಿದ. ಅಮ್ಮ ಹಾಕಿದಳು. ಅವನ ಬೆರಳುಗಳನ್ನೇ ನೋಡುತ್ತಾ ಕೂತೆ.

"ಅಕ್ಕಾ, ನಾಲ್ಕೈದು ದಿನದಿಂದ ಆನ್‌ಲೈನೇ ಬಂದಿಲ್ಲ? ಲ್ಯಾಪ್‌ಟಾಪ್ ಕೊಡಿ, ನೋಡ್ತೀನಿ."

"ರಿಪೇರಿಗೆ ಕೊಟ್ಟಿದ್ದೀನಿ."

ತುತ್ತು ಅರ್ಧಕ್ಕೇ ನಿಂತಿತು. "ಯಾರಿಗೆ? ಯಾವ ಅಂಗಡಿ?"

"ನಿನಗ್ಯಾಕಪ್ಪ ತೊಂದ್ರೆ ಅಂತ."

ತಂಗಿ ನನ್ನನ್ನು ದುರುಗುಟ್ಟಿ ನೋಡಿದಳು. ಲ್ಯಾಪ್‌ಟಾಪ್ ನನ್ನ ಬೀರುವಿನಲ್ಲಿ, ಹಳೇ ಶಾಲಿನ ಕೆಳಗೆ, ಕ್ಯಾಮೆರಾಕ್ಕೆ ಲ್ಯಾಬಿನ ಮೇಣ ಮೆತ್ತಿಕೊಂಡು ಮಲಗಿದೆ.

ಮಾರ್ಚ್ 20, ಗುರುವಾರ. ಸಂಜೆ

ಹೇಳಿದೆ.

ತಂಗಿ ಶೂ ಅಂಗಡಿಯ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ದಿನವಿಡೀ ಬೇರೆಯವರ ಕಾಲ ಬಳಿ ಕೂತು ಎದ್ದು ಸೊಂಟ ಹೋಗಿದೆ ಅನ್ನುತ್ತಿದ್ದಳು. ಹಾಗೇ ಶುರುಮಾಡಿದೆ, ಮಾತು ಹುಡುಕದೆ. ಪೂರ್ತಿ ಕೇಳಿಸಿಕೊಳ್ಳಲಿಲ್ಲ.

"ನಿಂಗೆ ಮೊದ್ಲಿಂದ್ಲೂ ಅವ್ರನ್ನ ಕಂಡ್ರೆ ಆಗಲ್ಲ."

"ಮನೆಗೆ ಕರ್ಕೊಂಡು ಬಂದವಳೇ ನಾನಲ್ವೇನೇ?"

"ಬಂದಾಗ ನಿನ್ನ ನೋಡ್ಲಿಲ್ವಲ್ಲ, ಅದಕ್ಕೆ! ನಿನಗೆ ದಕ್ಕದೇ ಇದ್ದದ್ದು ನನಗೆ ದಕ್ತಿದೆ ಅಂತ ಹೊಟ್ಟೆಉರಿ."

ಕಪಾಳಕ್ಕೆ ಹೊಡೆದ ಹಾಗಾಯಿತು. ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ. ಲ್ಯಾಪ್‌ಟಾಪ್ ತಂದು ತೊಡೆಯ ಮೇಲಿಟ್ಟು ಒಂದೇ ಒಂದು ಫೋಟೋ ತೆರೆದೆ. ಅವಳದು. ನಿಶ್ಚಯವಾದ ದಿನ ಕನ್ನಡಿ ಮುಂದೆ ಅವನಿಗಾಗಿ ರೆಡಿಯಾಗುತ್ತಿದ್ದಳಲ್ಲ, ಅದು. ಇನ್ನೂ ಅರ್ಧ ರೆಡಿ.

ಅವಳು ಪರದೆಯನ್ನು ಮುಚ್ಚಲಿಲ್ಲ. ಮುಂದಿನದಕ್ಕೆ ಹೋದಳು. ಅದರ ಮುಂದಿನದಕ್ಕೆ. ಕಣ್ಣಲ್ಲಿ ನೀರಿಲ್ಲ.

"ಎಷ್ಟಿವೆ?"

"ಲೆಕ್ಕ ಹಾಕಿಲ್ಲ ಕಣೇ."

"ಈ ಬೆಡ್‌ರೂಮ್ ಯಾರ್ದು?"

"ಅದು ಇಂಜೆಕ್ಷನ್ ಅವ್ರದ್ದು. ಸಾಕ್ಷಿಗೆ ಇರ್ಲಿ ಅಂತ ಅವ್ರೇ ಒಂದು ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದಾರೆ."

ಎದ್ದು ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡಳು. ನಲ್ಲಿ ಬಿಟ್ಟ ಸದ್ದು. ತುಂಬ ಹೊತ್ತು.

ಮಾರ್ಚ್ 21, ಶುಕ್ರವಾರ

ತಂಗಿ ಅವನಿಗೆ ಫೋನ್ ಮಾಡಿ ಕೇಳಿದಳು. ಅತ್ತನಂತೆ. ನಿನ್ನ ಮೇಲಿನ ಪ್ರೀತಿಗೆ ಮಾಡಿದೆ, ದಿನವೂ ನೋಡದೆ ಇರಲಾಗಲಿಲ್ಲ ಅಂದನಂತೆ. ಇವಳು ಹೂಂ ಅಂದು ಇಟ್ಟಳಂತೆ. ಬರೀ ಹೂಂ! ನನಗೆ ರಕ್ತ ನೆತ್ತಿಗೇರಿತು. ಅವನಿಗೋ, ಕ್ಷಮೆ ಸಿಕ್ಕಿದ ಹಾಗೆ.

ಅಮ್ಮನಿಗೂ ಹೇಳಬೇಕಾಯಿತು. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು, ಬಿಡಿಸುತ್ತಲೇ ಇದ್ದಳು.

"ಅಳಿಸಿಬಿಡು. ಅವ್ನಿಗೆ ನಾನು ಬುದ್ಧಿ ಹೇಳ್ತೀನಿ."

"ಬುದ್ಧಿ ಹೇಳೋ ವಿಷ್ಯಾನಾ ಅಮ್ಮ ಇದು?"

"ಮದುವೆಗೆ ಹಾಲ್ ಬುಕ್ ಆಗಿದೆ. ಕರೆಯೋರನ್ನೆಲ್ಲ ಕರೆದಾಗಿದೆ. ಯಾಕೆ ಮುರೀತು ಅಂತ ಕೇಳಿದ್ರೆ ಏನು ಹೇಳ್ಲಿ? ನನ್ನ ಮಗಳ ಇಂಥಾ ಫೋಟೋ ಇದೆ ಅಂತ ಹೇಳ್ಲಾ? ನಿನ್ನದೊಂದು ಹಾಳಾಯ್ತು. ಇವಳದ್ದಾದ್ರೂ..."

ಒಳ್ಳೆಯ ಎಲೆಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ದಂಟನ್ನು ಪಾತ್ರೆಗೆ ಹಾಕುತ್ತಿದ್ದಳು.

ತಂಗಿ ಮಲಗುವ ಮುಂಚೆ ಗೋಡೆಗೆ ಮುಖ ಹಾಕಿಕೊಂಡು ಕೇಳಿದ್ದು ಒಂದೇ ಮಾತು: "ಭಾನುವಾರ ನಿಮ್ಮ ಆಟ ಎಷ್ಟು ಹೊತ್ತಿಗೆ?"

ಮಾರ್ಚ್ 23, ಭಾನುವಾರ

ಆಟಕ್ಕೆ ಮುಂಚೆ ಫೋನಿನಲ್ಲಿ ಗ್ರೂಪ್ ಕಾಲ್. ಎಲ್ಲರೂ ಸೇರುವುದು, ಯಾರು ಎಲ್ಲಿ ನಿಲ್ಲಬೇಕೆಂದು ಕ್ಯಾಪ್ಟನ್ ಹೇಳುವುದು. ಹನ್ನೆರಡೂ ಜನ ಬಂದಿದ್ದರು. ಅವನ ದನಿ ಜೇನು.

"ಅಕ್ಕಾ, ಬಂದ್ರಾ? ಲ್ಯಾಪ್‌ಟಾಪ್ ಬಂತಾ?"

ತಂಗಿ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಎಲ್ರಿಗೂ ನಮಸ್ಕಾರ. ನಾನು ಏಣಿಯಮ್ಮನ ತಂಗಿ. ನನಗೆ ಈ ಆಟ ಬರಲ್ಲ. ನಿಮ್ಮ ಕ್ಯಾಪ್ಟನ್ನ ಮದುವೆ ಆಗ್ಬೇಕಿದ್ದವಳು."

"ಏಯ್, ಏನಿದು, ಆಮೇಲೆ ಮಾತಾಡೋಣ..."

"ಈಗ್ಲೇ. ನೀವು ಕೊಟ್ಟಿರೋ ಪಿಸುಮಾತು ಕ್ಯಾಮೆರಾದಲ್ಲಿ ಫೋಟೋ ತೆಗೀತಿತ್ತು. ನಂದು ಯಾಕೆ ತೆಗೆದ್ರಿ ಅಂದ್ರೆ ನಿನ್ನ ಮೇಲಿನ ಪ್ರೀತಿಗೆ ಅಂದ್ರಿ. ಸರಿ. ಇಂಜೆಕ್ಷನ್ ಅವ್ರದ್ದು? ಅದೂ ನನ್ನ ಮೇಲಿನ ಪ್ರೀತಿಗೇನಾ? ನಮ್ಮಮ್ಮನದ್ದು?"



"ಇದು ನಮ್ಮನೆ ವಿಷ್ಯ. ಎಲ್ರ ಮುಂದೆ ಬೇಡ" ಅಂದ.

ಇಂಜೆಕ್ಷನ್ ಕೇಳಿದರು, "ನನ್ನ ಬೆಡ್‌ರೂಮು ನಿಮ್ಮನೆ ಆಗಿದ್ದು ಯಾವಾಗ?"

ಟಕ್. ಕಾಲ್ ಬಿಟ್ಟು ಹೋದ. ಹನ್ನೆರಡು ಇದ್ದದ್ದು ಹನ್ನೊಂದಾಯಿತು.

ಆಮೇಲೆ ಶುರುವಾಯಿತು ಬೇರೆ ಹೇಸಿಗೆ. ಒಬ್ಬ, "ಟ್ಯಾಲೆಂಟ್ ಇರೋ ಮನುಷ್ಯ, ಏನೋ ಎಡವಿದ್ದಾನೆ" ಅಂದ. ಇನ್ನೊಬ್ಬ, "ಹಾಗಾದ್ರೆ ಬರೋ ವಾರದ ಟೂರ್ನಮೆಂಟ್‌ಗೆ ಕ್ಯಾಪ್ಟನ್ ಯಾರು?" ಬೆಕ್ಕು ಮಾತ್ರ ಸಣ್ಣ ದನಿಯಲ್ಲಿ, "ನಾವು ಅವತ್ತು ನಕ್ಕಿದ್ವಿ" ಅಂದ. ಅಷ್ಟೇ ಅಂದ.

ಆಗ ಎಂದೂ ಕೇಳದ ಒಂದು ಹೆಣ್ಣು ದನಿ. ಗಟ್ಟಿ, ತುಸು ಒಡೆದ ದನಿ.

"ನಾನು ಮೇಷ್ಟ್ರು. ಹೌದು, ಮೇಷ್ಟ್ರೇ. ಯಾರೂ ಏನೂ ಅಳಿಸಬೇಡಿ. ನೆಟ್ ಕಿತ್ತು ಹಾಗೇ ಇಡಿ. ಪೊಲೀಸ್ ಹತ್ರ ಹೋಗೋರಿದ್ರೆ ನಾನೂ ಬರ್ತೀನಿ."

ಯಾರೂ ನಗಲಿಲ್ಲ.

ಫೋನ್ ಇಟ್ಟ ಮೇಲೆ ತಂಗಿ ನೆಲದ ಮೇಲೆ ಕೂತಳು. "ಹೊಟ್ಟೆಉರಿ ಅಂದಿದ್ದೆ ನಿಂಗೆ" ಅಂದಳು. "ಅಂದಿದ್ದೆ" ಅಂದೆ.

ಮಾರ್ಚ್ 24, ಸೋಮವಾರ. ಮಧ್ಯಾಹ್ನ

ಅವನ ಅಂಗಡಿ ಬೆಳಿಗ್ಗೆಯಿಂದ ಮುಚ್ಚಿದೆಯಂತೆ. ಅವನ ಅಕ್ಕ ಫೋನ್ ಮಾಡಿದ್ದರು. ಗಂಡುಮಕ್ಕಳು ಅಂದ ಮೇಲೆ ಇವೆಲ್ಲ ಇದ್ದದ್ದೇ, ನೀವು ಕ್ಯಾಮೆರಾ ಮುಚ್ಚಿಕೋಬೇಕಿತ್ತು ಅಂತ. ಅಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದು, ಅದರೊಳಗಿಂದ ಏನೋ ಹೊರಬರುತ್ತಿರುವ ಹಾಗೆ ನೋಡಿದಳು. ಕಟ್ ಮಾಡಿದಳು.

ಸ್ವಲ್ಪ ಹೊತ್ತಿಗೆ ನನ್ನ ಕೋಣೆಗೆ ಬಂದಳು.

"ನಂದೂ ಇದೆ ಅಂದ್ಲಲ್ಲ ನಿನ್ನ ತಂಗಿ. ನಿಜಾನಾ?"

"ಇದೆ."

"ತೋರಿಸು."

"ಬೇಡಮ್ಮ."

"ನನ್ನ ಮೈ ಕಣೇ ಅದು. ಅವ್ನು ನೋಡ್ಬಹುದು, ನಾನು ನೋಡ್ಬಾರ್ದಾ?"

ತೋರಿಸಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ಟವೆಲ್ ಸುತ್ತಿಕೊಂಡು, ಒದ್ದೆ ಕೂದಲು ಹಿಂಡುತ್ತ, ಬಾಗಿಲಲ್ಲಿ ನಿಂತ ಅರವತ್ತೆರಡು ವರ್ಷದ ಹೆಂಗಸು.

"ಮುದುಕಿ ಆಗ್ಬಿಟ್ಟಿದ್ದೀನಲ್ಲೇ" ಅಂದಳು. ಆಮೇಲೆ, "ಥೂ. ಬಡ್ಡೀಮಗ. ಇನ್ನು ಸ್ವಲ್ಪ ಹಾಕಿ ಅಮ್ಮಾ ಅಂತಿದ್ದ."

ಹೋಗಿ ಅವನು ಊಟ ಮಾಡುತ್ತಿದ್ದ ತಟ್ಟೆಯನ್ನು ಹೊರಗೆ ಕಸದ ಡಬ್ಬಿಗೆ ಎಸೆದಳು. ಒಳ್ಳೆಯ ಸ್ಟೀಲ್ ತಟ್ಟೆ. ತಡೆಯಲಿಲ್ಲ.

ಮಾರ್ಚ್ 26, ಬುಧವಾರ. ಬೆಳಿಗ್ಗೆ, ಪೊಲೀಸ್ ಠಾಣೆಯ ಬೆಂಚು

ಕಾದು ಕಾದು ಸಾಕಾಗಿ ಇಲ್ಲೇ ಬರೆಯುತ್ತಿದ್ದೇನೆ. ಗೋಡೆಯ ತುಂಬ ಉಗುಳಿದ ಕಲೆ. ಮೇಜಿನ ಹಿಂದೆ ಕೂತಿದ್ದವನು ಮೊದಲು ನಮ್ಮನ್ನು ಕಣ್ಣಲ್ಲೇ ಅಳೆದ. "ಹುಡುಗ ಗೊತ್ತಿರೋನು ತಾನೇ? ಮಾತಾಡಿ ಬಗೆಹರಿಸ್ಕೊಳ್ಳಿ" ಅಂದ. ಆಮೇಲೆ, "ಎಲ್ಲಿ, ಫೋಟೋ ತೋರ್ಸಿ ನೋಡೋಣ" ಅಂತ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಆ ಎಳೆದುಕೊಂಡ ರೀತಿ...

ಇಂಜೆಕ್ಷನ್ ನೈಟ್ ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಾರೆ. ಇಂಜೆಕ್ಷನ್ ಚುಚ್ಚುವ ದನಿಯಲ್ಲೇ, "ಹೆಂಗಸು ಆಫೀಸರ್ ಬರ್ಲಿ. ಅಲ್ಲೀವರೆಗೂ ಲ್ಯಾಪ್‌ಟಾಪ್ ತೆರೆಯಲ್ಲ" ಅಂದರು. ಮೇಷ್ಟ್ರು ಅಂದರೆ ಬೆಳ್ಳಗಿನ ಬಾಬ್ ಕೂದಲಿನ, ಊರುಗೋಲಿನ ಹೆಂಗಸು. ಊರುಗೋಲನ್ನು ಅವನ ಮೇಜಿಗೇ ಒರಗಿಸಿ ಕೂತಿದ್ದಾರೆ. ಅವನು ಅದನ್ನು ಸರಿಸುವ ಧೈರ್ಯ ಮಾಡಿಲ್ಲ.

ಈಗ ಆಫೀಸರ್ ಬಂದರು. ಹೆಂಗಸು. ಒಬ್ಬೊಬ್ಬರೇ ಒಳಗೆ ಬಂದು ಹೇಳಿಕೆ ಕೊಡಬೇಕಂತೆ, ಯಾವ ಫೋಟೋ ಯಾರದು ಅಂತ. ನಾನು ಏಳಬೇಕು ಅನ್ನುವಷ್ಟರಲ್ಲಿ ತಂಗಿ ಎದ್ದಳು. ಅಮ್ಮ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು. ಸೆರಗು ಸರಿಮಾಡಿಕೊಂಡಳು, ಕನ್ನಡಕ ಒರೆಸಿಕೊಂಡಳು. "ಮನೆಗೆ ಹಿರಿಯಳು ನಾನು. ಮೊದ್ಲು ನಂದು" ಅಂತ ಆಫೀಸರ್ ಕೋಣೆಯ ಬಾಗಿಲ ಕಡೆಗೆ ನಡೆದಳು.